ನಾಯಿ ತರೋ ಮೊದಲು ಹಗ್ಗ ಹಿಡಿಯೋರು ಯಾರು ನೋಡಿ

2025ರ ಡಿಸೆಂಬರ್‌ನಲ್ಲಿ ನಮ್ಮ ದಾವಣಗೆರೆ ತಾಲ್ಲೂಕಿನ ಹೊನ್ನೂರು ಗೊಲ್ಲರಹಟ್ಟಿ ಬಳಿ ಎರಡು ರಾಟ್‌ವೀಲರ್ ನಾಯಿಗಳ ದಾಳಿಗೆ ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ಅವು ಬೀದಿನಾಯಿಗಳಲ್ಲ, ಯಾರೋ ತಂದು ಬಿಟ್ಟು ಹೋದ ಸಾಕುನಾಯಿಗಳು ಎಂದು ಆಗ ವರದಿಯಾಯಿತು. ಎಲ್ಲರೂ ಆ ತಳಿಯನ್ನು ಬೈದರು. ನಾನು ಕೇಳೋದು ಬೇರೆ: ಅಷ್ಟು ದೊಡ್ಡ ನಾಯಿ ನಮ್ಮಂಥ ಮನೆಗಳಿಗೆ ಹೊಂದುತ್ತದಾ?

ಆನಗೋಡು ಸುತ್ತಲಿನ ಹಳ್ಳಿಗಳಲ್ಲೂ ಈಗ ದೊಡ್ಡ ಜಾತಿ ನಾಯಿಯ ಆಸೆ ಬಂದಿದೆ. ಬೋರ್‌ವೆಲ್ ಕೇಬಲ್ ಕಳವಿನ ಭಯ ಒಂದು ಕಡೆ, ಮೊಬೈಲ್‌ನಲ್ಲಿ ನೋಡಿದ ರೀಲ್ಸ್ ಇನ್ನೊಂದು ಕಡೆ. 45 ದಿನದ ಮರಿ ತೊಡೆ ಮೇಲೆ ಮಲಗುತ್ತದೆ, ಮುದ್ದಾಗಿರುತ್ತದೆ. ಅದೇ ಗಂಡು ರಾಟ್‌ವೀಲರ್ ಬೆಳೆದರೆ 50 ಕೆ.ಜಿ. ಮುಟ್ಟುತ್ತದೆ. ಅಂದರೆ ಒಂದು ಡಿಎಪಿ ಚೀಲ. ಚೀಲವಾದರೆ ಇಟ್ಟ ಕಡೆ ಇರುತ್ತದೆ, ಇದು ಎಳೆದುಕೊಂಡು ಓಡುತ್ತದೆ.

ಮರಿ ತರೋನು ಸಾಮಾನ್ಯವಾಗಿ ಮನೆಯ ಹುಡುಗ. ವರ್ಷ ಕಳೆಯುವಷ್ಟರಲ್ಲಿ ಅವನು ಕೆಲಸಕ್ಕೆ ಬೆಂಗಳೂರಿಗೋ ದಾವಣಗೆರೆಗೋ ಹೋಗಿರುತ್ತಾನೆ. ಆಮೇಲೆ ಅನ್ನ ಹಾಕೋರು, ಕಟ್ಟೋರು, ಬಿಚ್ಚೋರು ಅವ್ವ, ಅಜ್ಜಿ, ಶಾಲೆಗೆ ಹೋಗೋ ಮಕ್ಕಳು. ಅದಕ್ಕೇ ನಾಯಿಯ ಗಾತ್ರಕ್ಕೆ ನನ್ನ ಅಳತೆ ಒಂದೇ: ದಿನವಿಡೀ ಮನೆಯಲ್ಲಿದ್ದು ಅದನ್ನು ನೋಡಿಕೊಳ್ಳುವವರ ಕೈ. ನಾಯಿ ಒಮ್ಮೆ ಜಗ್ಗಿದಾಗ ಅವ್ವ ಹಗ್ಗ ಬಿಡದೆ ನಿಲ್ಲಬಲ್ಲಳಾ? ಇಲ್ಲ ಅಂದರೆ ಆ ನಾಯಿ ನಿಮ್ಮ ಮನೆಗೆ ದೊಡ್ಡದಾಯಿತು.

'ಚಿಕ್ಕ ನಾಯಿಗೆ ಕಳ್ಳ ಹೆದರ್ತಾನಾ?' ಅಂತ ಕೇಳಬಹುದು. ನಾಯಿಯ ಕೆಲಸ ಬೊಗಳಿ ನಿಮ್ಮನ್ನು ಎಬ್ಬಿಸುವುದು. ಹಿಡಿಯೋದು ಜನರ ಕೆಲಸ. ಎಬ್ಬಿಸೋಕೆ 50 ಕೆ.ಜಿ. ಬೇಕಿಲ್ಲ.

ಊರೊಳಗಿನ ಸಾಲು ಮನೆಗೆ ಪಮೇರಿಯನ್ ಸಾಕು. ಬಾಗಿಲ ಸದ್ದಿಗೇ ಕೂಗುತ್ತದೆ, ತಿನ್ನೋದು ಕಡಿಮೆ. ರಾತ್ರಿ ಮಾತ್ರ ಒಳಗಿರಲಿ. ಚಿರತೆ ಓಡಾಡುವ ಕಡೆ ಹೊರಗೆ ಕಟ್ಟಿದ ನಾಯಿ ಅದಕ್ಕೆ ಸುಲಭದ ಊಟ.

ತೋಟಕ್ಕೆ, ಕಣಕ್ಕೆ ನಮ್ಮ ನಾಟಿ ನಾಯಿಯೇ ವಾಸಿ. ಮಧ್ಯಮ ಗಾತ್ರ, ನಮ್ಮ ಬಿಸಿಲಿಗೆ ಒಗ್ಗಿದ ಮೈ, ಮನೆಯವರು ಉಣ್ಣೋದನ್ನೇ ಉಣ್ಣುತ್ತದೆ. ದುಡ್ಡು ಕೊಟ್ಟು ತರಬೇಕಾಗಿಲ್ಲ ಅಂತ ನಾವು ಅದನ್ನು ಕಡೆಗಣಿಸಿದ್ದೇವೆ, ಅಷ್ಟೆ.

ಮುಧೋಳ ನಾಯಿ ನಮ್ಮ ಕರ್ನಾಟಕದ ಹೆಮ್ಮೆ. 2005ರಲ್ಲಿ ಅದರ ಅಂಚೆಚೀಟಿ ಬಂತು, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದಕ್ಕೇ ಒಂದು ಸಂಶೋಧನಾ ಕೇಂದ್ರವಿದೆ. ತೂಕ 25 ಕೆ.ಜಿ. ಆಸುಪಾಸು. ಆದರೆ ಅದು ಬೇಟೆಗೆ ಓಡೋಕೆ ಹುಟ್ಟಿದ ನಾಯಿ. ಹೊಲ ಇದ್ದು ದಿನಾ ಓಡಿಸೋರಿದ್ದರೆ ತನ್ನಿ. ಚೈನಿನಲ್ಲೇ ಇಡುವುದಾದರೆ ಬೇಡ. ಗಾತ್ರ ಅಂದರೆ ತೂಕ ಮಾತ್ರ ಅಲ್ಲ, ಅದಕ್ಕೆ ಬೇಕಾದ ಜಾಗವೂ ಹೌದು.

ಖರ್ಚೂ ಗಾತ್ರದ ಜೊತೆ ಏರುತ್ತದೆ. ದೊಡ್ಡ ನಾಯಿಗೆ ಮಿಕ್ಕಿದ ಅನ್ನ ಸಾಲದು, ಜಂತುಹುಳದ ಮಾತ್ರೆ ಕೂಡ ತೂಕದ ಲೆಕ್ಕ. ರೇಬಿಸ್ ಲಸಿಕೆ ಮಾತ್ರ ಚಿಕ್ಕದು ದೊಡ್ಡದು ಅನ್ನದೆ ಎಲ್ಲ ನಾಯಿಗೂ ಬೇಕು: ಮೂರು ತಿಂಗಳಿಗೆ ಮೊದಲ ಸಲ, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ.

ಸರ್ಕಾರ ಏನಾದರೂ ಮಾಡಲಿ ಅಂತ ಕೂರುವ ಹಾಗಿಲ್ಲ. ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಕೇಂದ್ರ 2024ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಟ್ಟವನಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಇಟ್ಟುಕೊಂಡು ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂನಡಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಇದೆ. ಆದರೆ ಹೋದ ಜೀವ ಯಾವ ಕಲಮಿನಿಂದಲೂ ವಾಪಸ್ ಬರೋಲ್ಲ.

ಈಗಾಗಲೇ ದೊಡ್ಡ ನಾಯಿ ತಂದಿದ್ದು ಕೈ ಮೀರುತ್ತಿದ್ದರೆ ಹೆದ್ದಾರಿ ಪಕ್ಕ, ಗುಡ್ಡದ ಕಡೆ ಬಿಟ್ಟು ಬರಬೇಡಿ. ಗಟ್ಟಿ ಗೂಡು ಮಾಡಿಸಿ, ಹೊರಗೆ ಕರೆದೊಯ್ಯುವಾಗ ಬಾಯಿಕುಕ್ಕೆ ಹಾಕಿ, ಪಶು ಆಸ್ಪತ್ರೆಯ ಡಾಕ್ಟರ ಹತ್ತಿರ ಮಾತಾಡಿ. ಸಾಕಬಲ್ಲವರು ಸಿಗೋ ತನಕ ಅದು ನಿಮ್ಮದೇ ಜವಾಬ್ದಾರಿ. ಇನ್ನೂ ತಂದಿಲ್ಲ ಅಂದರೆ, ಮರಿ ನೋಡೋಕೆ ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ. ತಾಯಿ ನಾಯಿಯ ಹಗ್ಗ ಅವಳ ಕೈಗೆ ಕೊಟ್ಟು ನೋಡಿ. ಆಮೇಲೆ ರೇಟು ಕೇಳಿ.