ಹಗುರ ಲ್ಯಾಪ್‌ಟಾಪಿಗೆ ಇಪ್ಪತ್ತೆಂಟು ಟನ್ ಕಬ್ಬು

ಮಂಡ್ಯ ದಾಟಿ ಮೈಸೂರಿನ ಕಡೆ ಹೊರಟ ಪ್ಯಾಸೆಂಜರ್ ರೈಲು ಒಂದು ಗಳಿಗೆ ನಿಂತು ಹೋಗುವ ಯಲಿಯೂರಿನಲ್ಲಿ ನನ್ನ ಆಪಾ ಇದ್ದಾರೆ. ಅವರ ಮಗಳು ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಾಳೆ. ಹೋಗುವುದೂ ಬರುವುದೂ ಅದೇ ರೈಲಿನಲ್ಲಿ. ಹೋದ ತಿಂಗಳು ಆಪಾ ಫೋನು ಮಾಡಿದರು. "ನಿನ್ನ ಭಾಂಜಿಗೆ ಒಂದು ಲಕ್ಷದ ಲ್ಯಾಪ್‌ಟಾಪ್ ಬೇಕಂತೆ. ಬಹಳ ಹಗುರವಂತೆ. ಕಬ್ಬಿನ ದುಡ್ಡು ಬಂದ ಕೂಡಲೇ ಕೊಡಿಸುತ್ತೇನೆ ಅಂತ ನಿನ್ನ ದೂಲಾಭಾಯಿ ಮಾತು ಕೊಟ್ಟುಬಿಟ್ಟಿದ್ದಾರೆ. ನೀನು ಓದಿದವನು, ಹೇಳು, ಅದು ಅಷ್ಟು ಬೆಲೆ ಬಾಳುತ್ತದಾ?"

ಬಾಳುವುದಿಲ್ಲ ಎಂದೆ. ಅಂದಿನಿಂದ ಭಾಂಜಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳೊಬ್ಬಳಿಗೆ ಹೇಳಬೇಕಾದುದನ್ನು ಪತ್ರಿಕೆಯಲ್ಲಿ ಬರೆಯುತ್ತಿರುವುದು ಸರಿಯಲ್ಲವೇನೋ. ಆದರೆ ಇಂಥ ಫೋನು ಈಗ ನಮ್ಮ ಎಷ್ಟೋ ಮನೆಗಳಿಂದ ಎಷ್ಟೋ ಮಾಮುಗಳಿಗೆ ಹೋಗುತ್ತಿದೆ.

ಲೆಕ್ಕ ನೋಡಿ. ಅವಳು ಕೇಳಿದ್ದು ಆಪಲ್ ಕಂಪನಿಯ ಮ್ಯಾಕ್‌ಬುಕ್ ಏರ್. ಎಂ4 ಚಿಪ್ಪಿನದು 2025ರ ಮಾರ್ಚಿನಲ್ಲಿ ಭಾರತಕ್ಕೆ ಬಂದಾಗ ಆರಂಭದ ಬೆಲೆ 99,900 ರೂಪಾಯಿ, ವಿದ್ಯಾರ್ಥಿಗಳಿಗೆ ಹತ್ತು ಸಾವಿರ ಕಡಿಮೆ. ತೂಕ 1.24 ಕೆಜಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ. ಅದೂ ಸಕ್ಕರೆ ಇಳುವರಿ ಶೇಕಡಾ 10.25 ಇದ್ದರೆ ಮಾತ್ರ. ಅಂದರೆ ಒಂದೂಕಾಲು ಕೆಜಿ ಯಂತ್ರಕ್ಕೆ ಇಪ್ಪತ್ತೆಂಟು ಟನ್ ಕಬ್ಬು. ಕಟಾವಿನವರ ಕೂಲಿ, ಲಾರಿ ಬಾಡಿಗೆ, ಗೊಬ್ಬರದಂಗಡಿಯ ಹಳೆ ಬಾಕಿ ಇವನ್ನೆಲ್ಲ ನಾನಿನ್ನೂ ಕಳೆದಿಲ್ಲ. ದೂಲಾಭಾಯಿಗೆ ಇರುವುದು ನಾಲೆಯ ಕೆಳಗಿನ ಒಂದೇ ಎಕರೆ. ಗದ್ದೆಯಲ್ಲಿ ಒಂದು ವರ್ಷ ನಿಂತ ಬೆಳೆ ಒಂದು ಚೀಲದೊಳಗೆ ಹೋಗಿ ಕೂರುತ್ತದೆ.

ಅವಳ ವಾದವನ್ನೂ ಹೇಳಿಬಿಡುತ್ತೇನೆ, ಅನ್ಯಾಯವಾಗಬಾರದು. "ಮಾಮು, ನೀವು ಒಂದು ದಿನ ಆ ರೈಲಿನಲ್ಲಿ ಮೈಸೂರಿನವರೆಗೆ ನಿಂತು ಬನ್ನಿ. ಹೆಗಲ ಮೇಲೆ ಬ್ಯಾಗು, ಕೈಯಲ್ಲಿ ಡ್ರಾಯಿಂಗ್ ಶೀಟು, ಹಿಡಿದುಕೊಳ್ಳಲು ಕಂಬಿಯೂ ಇರುವುದಿಲ್ಲ. ಆಮೇಲೆ ಹೇಳಿ." ನಿಜ. ಕುಳಿತು ಬರೆಯುವವನಿಗೆ ನಿಂತು ಹೋಗುವವರ ಹೆಗಲು ತಿಳಿಯುವುದಿಲ್ಲ. ಊರಿನಲ್ಲಿ ಕರೆಂಟು ಹೋದಾಗ ಆ ಯಂತ್ರದ ಬ್ಯಾಟರಿ ಬಹಳ ಹೊತ್ತು ಬರುತ್ತದೆ ಎಂಬುದೂ ನಿಜ. ಆದರೆ ಅದರ ಅರ್ಧ ಬೆಲೆಗೆ ಸಿಗುವ ಸಾಮಾನ್ಯ ಲ್ಯಾಪ್‌ಟಾಪು ಒಂದೂವರೆಯಿಂದ ಒಂದೂಮುಕ್ಕಾಲು ಕೆಜಿ ತೂಗುತ್ತದೆ. ವ್ಯತ್ಯಾಸ ಹೆಚ್ಚೆಂದರೆ ಅರ್ಧ ಲೀಟರ್ ನೀರಿನ ಬಾಟಲಿಯಷ್ಟು. ಆ ಬಾಟಲಿಯನ್ನು ಹೆಗಲಿನಿಂದ ಇಳಿಸಲು ಐವತ್ತು ಸಾವಿರ!

2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕ್‌ಬುಕ್ ಏರನ್ನು ಕಂದು ಲಕೋಟೆಯೊಳಗಿಂದ ತೆಗೆದು ತೋರಿಸಿದ. (ನಮ್ಮ ಕಡೆ ಅಂಥ ಲಕೋಟೆಯಲ್ಲಿ ಬರುವುದು ಕೋರ್ಟಿನ ನೋಟಿಸು.) ಅಂದಿನ ಬೆಲೆ 1,799 ಡಾಲರು. ಹಗುರ ಮಾಡಲು ಸಿ.ಡಿ. ಡ್ರೈವ್ ತೆಗೆದಿದ್ದರು, ನೆಟ್‌ವರ್ಕ್ ತಂತಿಯ ಕಿಂಡಿ ತೆಗೆದಿದ್ದರು, ಒಂದೇ ಯು.ಎಸ್.ಬಿ. ಬಿಟ್ಟಿದ್ದರು. ಕೊಂಡವನೇ ಬ್ಯಾಟರಿ ಬದಲಿಸುವ ಅನುಕೂಲವನ್ನೂ ತೆಗೆದರು. ಈಗಿನದರಲ್ಲಿ ಮೆಮೊರಿ, ಸ್ಟೋರೇಜ್ ಎರಡನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. 256 ಜಿಬಿ ಸಾಲದೆಹೋದರೆ ಮುಂದೆ ಒಳಗೆ ಹೆಚ್ಚು ಕೂರಿಸಿಕೊಳ್ಳುವಂತಿಲ್ಲ. ಮೊದಲೇ 512ರದು ಬೇಕೆಂದರೆ 2025ರಲ್ಲಿ ಇನ್ನೂ ಇಪ್ಪತ್ತು ಸಾವಿರ ಕೊಡಬೇಕಿತ್ತು. ಉಳ್ಳವರಿಗೆ ಇದು ತೊಂದರೆಯಲ್ಲ, ಅವರು ಹೊಸದು ಕೊಳ್ಳುತ್ತಾರೆ. ನಮ್ಮಲ್ಲಿ ಪಂಪ್‌ಸೆಟ್ಟಾಗಲಿ ಮಿಕ್ಸಿಯಾಗಲಿ ಬಿಚ್ಚಿ, ಕಟ್ಟಿ, ಅಣ್ಣನಿಂದ ತಂಗಿಗೆ ದಾಟಿಸಿ ಬಾಳಿಸುವುದು ರೂಢಿ. ನನ್ನ ಗೆಳೆಯನೊಬ್ಬನ ತೆಳು ಲ್ಯಾಪ್‌ಟಾಪಿನ ಮೇಲೆ (ಬೇರೆ ಕಂಪನಿಯದು, ಹೆಸರು ಬೇಡ) ಮಗು ಅರ್ಧ ಲೋಟ ಚಹಾ ಚೆಲ್ಲಿತು. ರಿಪೇರಿಗೆ ಹೇಳಿದ ದುಡ್ಡಿನಲ್ಲಿ ಇನ್ನೊಂದು ಯಂತ್ರ ಬರುತ್ತಿತ್ತು.

ಇದೆಲ್ಲಕ್ಕಿಂತ ನನ್ನನ್ನು ರೇಗಿಸಿದ್ದು ಬೇರೆ. ಅವಳು ಓದುತ್ತಿರುವುದು ಸಿವಿಲ್. ಕಟ್ಟಡದ ಲೆಕ್ಕಕ್ಕೆ ಕಲಿಯಬೇಕಾದ ಸ್ಟ್ಯಾಡ್ ಪ್ರೊ, ಈಟ್ಯಾಬ್ಸ್, ನಕ್ಷೆಗೆ ರೆವಿಟ್, ಇವೆಲ್ಲ ವಿಂಡೋಸ್‌ಗಾಗಿ ಮಾಡಿದವು. ಹಿಂದೆ ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿಕೊಳ್ಳಬಹುದಿತ್ತು. 2020ರಿಂದ ಬಂದಿರುವ ಎಂ ಚಿಪ್ಪಿನವುಗಳಲ್ಲಿ ಆ ದಾರಿ ಇಲ್ಲ. ಹಾಗಾದರೆ ಈ ಸಲಹೆ ಕೊಟ್ಟವರು ಯಾರು? ಅಂಗಡಿಯವನು, ದುಬೈಯಿಂದ ರಜೆಗೆ ಬಂದ ನಂಟನೊಬ್ಬ, ಪಕ್ಕದ ಬೆಂಚಿನ ಗೆಳತಿ. ಮೂವರೂ ಹೇಳಿದ್ದು ಒಂದೇ ಮಾತು: "ಇದು ಖರ್ಚಲ್ಲ, ಇನ್‌ವೆಸ್ಟ್‌ಮೆಂಟ್." ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವರಿಗೆ, ವಿಮಾನದಿಂದ ವಿಮಾನಕ್ಕೆ ಓಡುತ್ತ ಬರೆಯುವ ವರದಿಗಾರರಿಗೆ ಅದು ಇನ್‌ವೆಸ್ಟ್‌ಮೆಂಟೇ, ನನ್ನ ತಕರಾರಿಲ್ಲ. ತನ್ನ ಪಾಠದ ಸಾಫ್ಟ್‌ವೇರೇ ಓಡದ ಯಂತ್ರ ಕೊಳ್ಳುವ ಹುಡುಗಿಗೆ ಅದು ಆಸೆ. ಆಸೆ ತಪ್ಪಲ್ಲ, ಅದನ್ನು ಆಸೆ ಎಂದೇ ಕರೆಯೋಣ.

ದುಡ್ಡು ತಡವಾದರೆ 'ನೋ ಕಾಸ್ಟ್ ಇಎಂಐ' ಇದೆಯಲ್ಲ, ಬಡ್ಡಿಯೇ ಇಲ್ಲವಂತೆ ಎಂದು ಆಪಾ ಸಮಾಧಾನದಿಂದ ಹೇಳಿದರು. ಅವರು ಬಡ್ಡಿಯ ನೆರಳಿಗೂ ಹೋಗದವರು. 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕು ಸೊನ್ನೆ ಬಡ್ಡಿ ಎಂಬ ವಸ್ತುವೇ ಇಲ್ಲವೆಂದು ಬ್ಯಾಂಕುಗಳಿಗೆ ಬರೆದಿತ್ತು. ಬಿಟ್ಟುಕೊಟ್ಟ ರಿಯಾಯಿತಿಯಲ್ಲೋ ಪ್ರೊಸೆಸಿಂಗ್ ಶುಲ್ಕದಲ್ಲೋ ಅದು ಅಡಗಿ ಕೂತಿರುತ್ತದೆ. ಶುಕ್ರವಾರ ಬಡ್ಡಿಯ ಪಾಪದ ಬಯಾನ್ ಕೇಳಿ ಕಣ್ಣೊರೆಸಿಕೊಂಡ ನಾವೇ ಶನಿವಾರ ಈ ಕಂತಿಗೆ ರುಜು ಹಾಕುತ್ತೇವೆ. ಹೆಸರು ಬದಲಾದರೆ ಸಾಕು, ನಮಗೆ ನಿದ್ದೆ ಬರುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಮಾರಿದ ಗಟ್ಟಿ ಲ್ಯಾಪ್‌ಟಾಪುಗಳು ಸಿಗುತ್ತವೆ. ನಾನು ಕಥೆ ಬರೆಯುವುದು ಅಂಥದೊಂದರಲ್ಲೇ. ತೂಕ ಒಂದೂವರೆ ಕೆಜಿ. ಒಂದು ಸಲ ಬ್ಯಾಟರಿ, ಒಂದು ಸಲ ಮೆಮೊರಿ ಬದಲಿಸಿದ್ದೇನೆ. ಕನ್ನಡವನ್ನೂ ಉರ್ದುವನ್ನೂ ಒಂದೇ ಸಮ ತೆಗೆದುಕೊಳ್ಳುತ್ತದೆ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಆಪಾ ಮತ್ತೆ ಫೋನು ಮಾಡಿದರು. ಭಾನುವಾರ ಹುಡುಗಿ ನನ್ನ ಜೊತೆ ಎಸ್.ಪಿ. ರಸ್ತೆಗೆ ಬರಲು ಒಪ್ಪಿದ್ದಾಳಂತೆ. ಎರಡು ಷರತ್ತು: ಲ್ಯಾಪ್‌ಟಾಪಿನ ಬ್ಯಾಗು ಅವಳು ಆರಿಸಿದ್ದೇ ಆಗಬೇಕು, ಮತ್ತು ಸೋಮವಾರ ಬೆಳಿಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡು ಯಲಿಯೂರಿನಿಂದ ಮೈಸೂರಿನವರೆಗೆ ಮಾಮು ನಿಂತು ಬರಬೇಕು.