ನನ್ನ ಬಗ್ಗೆ ಒಂದಿಷ್ಟು ಚಿಲ್ಲರೆ ಸಂಗತಿ

ನಾನು ಸೇಡಂನವನು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ತಾಲ್ಲೂಕಿನಲ್ಲೇ ಇದ್ದರೂ ಆ ಕೋಟೆ ಹತ್ತಿದ್ದು ಒಂದೇ ಸಲ, ಅದೂ ಬೆಂಗಳೂರಿನ ಗೆಳೆಯನಿಗೆ ತೋರಿಸಲು. ರೈಲು ವಾಡಿ ಹತ್ತಿರ ಬಂದರೆ ಅಲಾರಂ ಇಲ್ಲದೆ ಎಚ್ಚರವಾಗುತ್ತದೆ. ತೊಗರಿಬೇಳೆ ಈಗಲೂ ಊರಿಂದಲೇ ಬರಬೇಕು.

ಇನ್ನೊಂದು, ಯಾರಿಗೂ ಹೇಳದ್ದು. ಬೇಸಿಗೆ ಮಧ್ಯಾಹ್ನ ಅಪ್ಪ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಒಣಗಿದ ಮೇಲೆ ಬರಿಮೈಯಲ್ಲಿ ಮಲಗುತ್ತಿದ್ದ. 'ಚಾಪಿ ಯಾಕ ಬೇಕು, ಕಲ್ಲೇ ತಂಪದ' ಅನ್ನುತ್ತಿದ್ದ. ಹೋದ ವರ್ಷ ಮನೆಗೆ ಟೈಲ್ಸ್ ಹಾಕಿಸಿದೆ. ದುಡ್ಡೂ ನನ್ನದೇ, ಹಟವೂ ನನ್ನದೇ. ಅಪ್ಪ ಏನೂ ಅನ್ನಲಿಲ್ಲ. ಮೊನ್ನೆ ಊರಿಗೆ ಹೋದಾಗ ನೋಡಿದೆ: ಕಿತ್ತು ಹಿತ್ತಲಿಗೆ ಹಾಕಿದ್ದ ಹಳೇ ಕಲ್ಲುಗಳನ್ನು ಬೇವಿನ ನೆರಳಿಗೆ ಜೋಡಿಸಿಕೊಂಡು, ಅದರ ಮೇಲೆ ಗೊರಕೆ ಹೊಡೆಯುತ್ತಿದ್ದ.