ಆಟದ ಪೀರಿಯಡನ್ನು ಪಾಠಕ್ಕೆ ಬಿಟ್ಟುಕೊಡಬೇಡಿ

ಹತ್ತನೇ ತರಗತಿ ಬಂತೆಂದರೆ ಮಕ್ಕಳ ಕೈಯಿಂದ ಮೊದಲು ಹೋಗುವುದು ಆಟದ ಪೀರಿಯಡ್. ಕಳೆದ ವರ್ಷ ನನ್ನ ಮಗಳ ತರಗತಿಯಲ್ಲಿ ಅದು ಗಣಿತದ ಪಾಲಾಯಿತು. ಪಿ.ಟಿ.ಎ. ಸಭೆಯಲ್ಲಿ ನಾನೂ ಒಪ್ಪಿ ತಲೆಯಾಡಿಸಿದ್ದೆ. ಮಲಯಾಳ ಮಾಧ್ಯಮದ ಮಕ್ಕಳಿಗಿಂತ ನಮ್ಮವರು ಹಿಂದೆ ಬೀಳಬಾರದು ಎಂಬ ಭಯ ಗಡಿನಾಡಿನ ಹೆತ್ತವರಿಗೆಲ್ಲ ಇದೆ. ಆದರೆ ಆ ದಿನ ತಲೆಯಾಡಿಸಿದ್ದು ತಪ್ಪೆಂದು ಈಗ ಹೇಳುತ್ತೇನೆ.

ಬೆಳೆಯುವ ದೇಹಕ್ಕೆ ಒಂದೊಂದು ವ್ಯಾಯಾಮ ಕೊಡುವುದು ಒಂದೊಂದು. ದಿನವೂ ಓಡುವ, ಸೈಕಲ್ ತುಳಿಯುವ, ಈಜುವ ಮಗುವಿನ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಸುಮ್ಮನೆ ಕುಳಿತಾಗ ಅದರ ಬಡಿತ ಕಡಿಮೆಯಾಗುತ್ತದೆ. ಕಬಡ್ಡಿ, ಖೋ ಖೋ ಆಡುವಾಗ ಅಡ್ರಿನಲಿನ್ ಏರಿ ಎದೆ ಜೋರಾಗಿ ಬಡಿಯುತ್ತದೆ, ಆಟ ನಿಂತ ಮೇಲೆ ಇಳಿಯುತ್ತದೆ. ದಂಡ, ಬಸ್ಕಿ ಹೊಡೆದರೆ ಸ್ನಾಯು, ಎಲುಬು ಗಟ್ಟಿಯಾಗುತ್ತವೆ. ಬೆಳವಣಿಗೆಯ ಹಾರ್ಮೋನು ಸ್ವಲ್ಪ ಹೊತ್ತು ಹೆಚ್ಚುತ್ತದೆ. ಆಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುವುದರಿಂದ ಉಸಿರಾಡುತ್ತಲೇ ಮಾಡಲು ಹೇಳಬೇಕು. ನಿಧಾನವಾಗಿ ಉಸಿರು ಬಿಡುವ ಪ್ರಾಣಾಯಾಮ ಹೃದಯದ ಬಡಿತವನ್ನು ತಗ್ಗಿಸುತ್ತದೆ. ಪರೀಕ್ಷೆಯ ಬೆಳಿಗ್ಗೆ ಇದು ಎಷ್ಟು ಬೇಕೆಂದು ಬೇರೆ ಹೇಳಬೇಕಿಲ್ಲ.

ಯಾವ ವ್ಯಾಯಾಮವಾದರೂ ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇನ್ಸುಲಿನ್ ಮುಂದಿನ ಹಲವು ಗಂಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದರ ಬೆಲೆ ನಿಮಗೆ ಗೊತ್ತು.

ಅತಿಯೂ ಬೇಡ. ಊಟ, ನಿದ್ದೆ ಸಾಲದೆ ಮಿತಿಮೀರಿ ಅಭ್ಯಾಸ ಮಾಡುವ ಹೆಣ್ಣುಮಕ್ಕಳಿಗೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪಬಹುದು. ಓಡುವಾಗ ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ ವೈದ್ಯರಿಗೆ ತೋರಿಸಲೇಬೇಕು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ, ಅದರಲ್ಲಿ ವಾರಕ್ಕೆ 3 ದಿನವಾದರೂ ಬಿರುಸಿನದು ಮತ್ತು ಸ್ನಾಯು, ಎಲುಬು ಗಟ್ಟಿಮಾಡುವಂಥದು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಶಾಲೆ, ಟ್ಯೂಷನ್, ಬಸ್ಸಿನಲ್ಲೇ ದಿನ ಕಳೆಯುವ ನಮ್ಮ ಮಕ್ಕಳಿಗೆ ಆ ಹೊತ್ತು ಬೇರೆಲ್ಲಿ ಸಿಗುತ್ತದೆ?

ದೈಹಿಕ ಶಿಕ್ಷಕರಿಲ್ಲದ ಶಾಲೆಯಲ್ಲೂ ಅಂಗಳವಿದೆ, ಕಬಡ್ಡಿಗೆ ಒಂದು ಗೆರೆ ಎಳೆದರೆ ಸಾಕು. ಮುಂದಿನ ಸಭೆಯಲ್ಲಿ ಅಂಕಪಟ್ಟಿ ನೋಡಿದ ಮೇಲೆ ವೇಳಾಪಟ್ಟಿಯನ್ನೂ ಕೇಳಿ ನೋಡಿ. ಆಟದ ಪೀರಿಯಡ್ ಅದರಲ್ಲಿ ಇಲ್ಲದಿದ್ದರೆ ಎದ್ದು ನಿಂತು ಕೇಳಿ. ಈ ಸಲ ನಾನಂತೂ ಕೇಳುತ್ತೇನೆ.